ಪೆನಾಲ್ಟಿಗೆ ಬೆನ್ನು ಹಾಕಿದವನು

"ಸಣ್ಣ ಹೆಜ್ಜೆ ಹಾಕೋ ನಾರ್ಮನ್. ನೀನೊಬ್ಬನೇ ಮುಂದೆ ಓಡಿದ್ರೆ ಹಿಂದಿರೋ ನಾವು ಇವನ ಜೊತೆಗೇ ಗುಂಡಿಗೆ ಬೀಳ್ತೀವಿ," ಎಂದು ಡೆನಿಸ್ ಹಲ್ಲು ಕಚ್ಚಿಕೊಂಡೇ ಹೇಳಿದ.

ನಾರ್ಮನ್ ಹೆಜ್ಜೆ ಕಿರಿದು ಮಾಡಿದ. ಶವಪೆಟ್ಟಿಗೆಯ ಮುಂದಿನ ಎಡಮೂಲೆ ಅವನ ಹೆಗಲ ಮೇಲಿತ್ತು. ಸ್ಮಶಾನದ ಗೇಟಿನಿಂದ ಗುಂಡಿಯವರೆಗೂ ಏರುದಾರಿ. ಹೊತ್ತ ಆರು ಜನರಲ್ಲಿ ಅರವತ್ತೈದು ದಾಟದವನು ಒಬ್ಬನೂ ಇರಲಿಲ್ಲ. ಶವಸಂಸ್ಕಾರದ ಕಂಪನಿಯವರು ತಮ್ಮ ಹುಡುಗರನ್ನೇ ಕೊಡುತ್ತೇವೆ ಎಂದರೂ ಸತ್ತವನ ಹೆಂಡತಿ ಬ್ರೆಂಡಾ ಒಪ್ಪಿರಲಿಲ್ಲ. "ನಲವತ್ತಾರು ವರ್ಷ ಅವನ ಪಕ್ಕದಲ್ಲಿ ನಿಂತು ಕೂಗಿದೋರು, ಇನ್ನೂರು ಗಜ ಹೊತ್ಕೊಂಡು ಹೋಗೋಕಾಗಲ್ವಾ?" ಎಂದು ಕೇಳಿದ್ದಳು.

"ಕ್ಲೆಮ್ ಇಷ್ಟು ಭಾರ ಇದ್ನಾ?" ಎಂದ ಹಿಂದಿನವನೊಬ್ಬ.

"ಅವನದಲ್ಲ ಭಾರ, ತಿಂದ ಮಾಂಸದ ಪೈಗಳದ್ದು," ಎಂದ ಡೆನಿಸ್. "ಮೈದಾನದಲ್ಲಿ ಟೀ ಅಂಗಡಿ ನಡೆಸೋನು ನಾನು. ನನಗೆ ಗೊತ್ತಿಲ್ವಾ."

ಯಾರೋ ಮೂಗಿನಲ್ಲೇ ನಕ್ಕರು. ನಾರ್ಮನ್‌ಗೆ ನಗು ಬರಲಿಲ್ಲ. ಪೆಟ್ಟಿಗೆಯ ಮರ ಅವನ ಕಿವಿಗೆ ಒತ್ತಿಕೊಂಡಿತ್ತು. ಒಳಗಿನವನು ಏನಾದರೂ ಹೇಳಿದರೆ ಮೊದಲು ತನಗೇ ಕೇಳಿಸುತ್ತದೆ ಎಂಬ ಹುಚ್ಚು ಯೋಚನೆ ಬಂದು ಅವನ ಬೆನ್ನು ಬೆವೆತಿತು.

ಗುಡ್ಡದ ಮೇಲಿನಿಂದ ಕ್ರಾಬೆಕ್ ಊರು ಪೂರ್ತಿ ಕಾಣುತ್ತಿತ್ತು. ಹೊಗೆಯಿಲ್ಲದ ಎರಡು ಗಿರಣಿ ಚಿಮಣಿಗಳು, ಸಾಲು ಮನೆಗಳು, ಅವುಗಳ ನಡುವೆ ಕ್ರಾಬೆಕ್ ಟೌನ್ ಫುಟ್‌ಬಾಲ್ ತಂಡದ ಮೈದಾನ. ಅಲ್ಲಿ ಒಬ್ಬ ಬಿಳಿ ಗೆರೆಗಳಿಗೆ ಹೊಸದಾಗಿ ಸುಣ್ಣ ಎಳೆಯುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಫೈನಲ್. ಗೆದ್ದರೆ ಮೇಲಿನ ದರ್ಜೆಗೆ ಬಡ್ತಿ. ಊರಿನ ತಂಡ ಆ ಮೆಟ್ಟಿಲು ಹತ್ತಿ ಮೂವತ್ತೊಂದು ವರ್ಷವಾಗಿತ್ತು.

ಈ ಫೈನಲ್ ಎರಡು ವಾರದ ಹಿಂದೆಯೇ ಮುಗಿದು ಹೋಗಬೇಕಿತ್ತು. ಆದರೆ ಇನ್ನೊಂದು ಸೆಮಿಫೈನಲ್‌ನಲ್ಲಿ ಗೆದ್ದ ಸಾಲ್ಟ್‌ಬಿ ತಂಡ ನೋಂದಾಯಿಸದ ಆಟಗಾರನನ್ನು ಇಳಿಸಿತ್ತೆಂದು ದೂರು ಹೋಯಿತು. ದೂರಿನ ಮೇಲೆ ವಿಚಾರಣೆ, ವಿಚಾರಣೆಯ ಮೇಲೆ ಮೇಲ್ಮನವಿ. ಇತ್ತ ಕ್ಲೆಮ್ ಸತ್ತಿದ್ದು ಮೈದಾನದಲ್ಲಾದ್ದರಿಂದ ಮರಣೋತ್ತರ ಪರೀಕ್ಷೆ ಮುಗಿಸಿ ದೇಹ ಕೊಡುವುದೂ ತಡವಾಯಿತು. ಕೊನೆಗೆ ಎರಡೂ ಬಂದು ಒಂದೇ ಶನಿವಾರದ ಮೇಲೆ ಕೂತವು. ಮಣ್ಣು ಮಾಡುವುದನ್ನು ಸೋಮವಾರಕ್ಕೆ ಹಾಕಬಹುದೇ ಎಂದು ಕೇಳಲು ಡೆನಿಸ್ ಟೋಪಿ ಕೈಯಲ್ಲಿ ಹಿಡಿದು ಬ್ರೆಂಡಾಳ ಮನೆಗೆ ಹೋಗಿದ್ದ.

"ನನ್ನ ಮದುವೆ ಮ್ಯಾಚು ನೋಡ್ಕೊಂಡು ಮುಂದೆ ಹೋಯ್ತು. ಮಗಳ ನಾಮಕರಣ ಮುಂದೆ ಹೋಯ್ತು. ನಮ್ಮಮ್ಮನ ಎಂಬತ್ತರ ಹುಟ್ಟುಹಬ್ಬ ಮುಂದೆ ಹೋಯ್ತು," ಎಂದಿದ್ದಳು ಬ್ರೆಂಡಾ. "ಇದೊಂದು ಮುಂದೆ ಹೋಗಲ್ಲ ಡೆನಿಸ್. ಬೆಳಿಗ್ಗೆ ಮಣ್ಣು, ಮಧ್ಯಾಹ್ನ ಮ್ಯಾಚು. ಅವನನ್ನ ಕೇಳಿದ್ರೂ ಹಾಗೇ ಹೇಳ್ತಿದ್ದ."

ಪೆಟ್ಟಿಗೆ ಕೆಳಗಿಳಿಯಿತು. ಪಾದ್ರಿ ಹೊಸಬ. ಕ್ಲೆಮ್‌ನನ್ನು ಕಂಡವನೇ ಅಲ್ಲ. ಬ್ರೆಂಡಾ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ.

"ಕ್ಲೆಮ್ ಎಂಟ್‌ವಿಸಲ್ ಅವರು ಮೂವತ್ತಮೂರು ವರ್ಷ ಚಪ್ಪಲಿ ಕಾರ್ಖಾನೆಯಲ್ಲಿ ದುಡಿದರು. ಒಳ್ಳೆಯ ಗಂಡ, ಒಳ್ಳೆಯ ತಂದೆ. ತಮ್ಮ ತಂಡ ಫೈನಲ್ ಸೇರಿದ್ದನ್ನು ಜೀವದ ಗೆಳೆಯನ ಬಾಯಿಂದಲೇ ಕೇಳಿ, ನಕ್ಕು, ಕಣ್ಣು ಮುಚ್ಚಿದರು. ಅಂಥ ಸಾವು ನಮ್ಮಲ್ಲಿ ಎಷ್ಟು ಜನಕ್ಕೆ ಸಿಗುತ್ತದೆ?"

ನೆರೆದವರೆಲ್ಲ ನಾರ್ಮನ್‌ನ ಕಡೆ ನೋಡಿದರು. ಬ್ರೆಂಡಾ ಅವನ ಕೈ ಹಿಡಿದು ಒತ್ತಿದಳು. ಕ್ಲೆಮ್‌ನ ಮಗಳು ಟ್ರೇಸಿ ಮಾತ್ರ ಯಾರನ್ನೂ ನೋಡದೆ ಗುಂಡಿಯನ್ನೇ ದಿಟ್ಟಿಸುತ್ತಿದ್ದಳು.

ಮೂರು ವಾರದಿಂದ ಆ ಮಾತು ನಾರ್ಮನ್‌ನ ಬಾಯಲ್ಲಿ ಬಿಸಿ ತುಪ್ಪದಂತೆ ಕೂತಿತ್ತು. ಉಗುಳುವಂತಿರಲಿಲ್ಲ, ನುಂಗುವಂತಿರಲಿಲ್ಲ. ಕ್ಲೆಮ್ ಏನನ್ನೂ ಕೇಳಿರಲಿಲ್ಲ, ನಕ್ಕಿರಲಿಲ್ಲ. ಅದು ನಾರ್ಮನ್ ಕಟ್ಟಿದ ಸುಳ್ಳು.

*

ನಾರ್ಮನ್ ಬಸ್ ಡ್ರೈವರಾಗಿ ಕ್ರಾಬೆಕ್‌ಗೆ ವರ್ಗವಾಗಿ ಬಂದ ವರ್ಷ, ಹೊತ್ತು ಹೋಗದೆ ಒಂದು ಶನಿವಾರ ಮ್ಯಾಚಿಗೆ ಹೋಗಿದ್ದ. ಅರ್ಧ ಆಟ ಮುಗಿದಾಗ ಸುತ್ತಲಿದ್ದವರೆಲ್ಲ ಎದ್ದು ಹೊರಟರು. ಆಟ ಮುಗಿಯಿತೇನೋ ಎಂದು ಅವನೂ ಕೋಟಿನ ಗುಂಡಿ ಹಾಕಿಕೊಂಡ.

"ಎಲ್ಲಿಗಪ್ಪಾ ಹೊರಟೆ?" ಎಂದು ದಪ್ಪ ಕೆನ್ನೆಯ ಒಬ್ಬ ಹುಡುಗ ಕೇಳಿದ.

"ಮನೆಗೆ."

"ಮನೆಗಲ್ಲ ಕಣೋ, ಆ ಕಡೆಗೆ. ಮೊದಲರ್ಧ ನಮ್ಮೋರು ಈ ಗೋಲಿಗೆ ಒದೀತಾರೆ, ಎರಡನೇ ಅರ್ಧ ಆ ಗೋಲಿಗೆ. ನಮ್ಮ ಗೋಲು ಎಲ್ಲಿ ಬೀಳುತ್ತೋ ಅಲ್ಲಿ ನಾವು. ನೀನು ಯಾವೂರೋನು?"

ಸಣ್ಣ ತಂಡಗಳ ಮೈದಾನದಲ್ಲಿ ಹಾಗೇ. ಎರಡೂ ಕಡೆಯ ಜನ ನಡುವೆ ಎದುರಾಗಿ, ಒಬ್ಬರಿಗೊಬ್ಬರು ಛೇಡಿಸುತ್ತ, ದಿಕ್ಕು ಬದಲಿಸುತ್ತಾರೆ. ಆ ದಿನ ಕ್ಲೆಮ್‌ನ ಹಿಂದೆ ಮೈದಾನ ಸುತ್ತಿ ಬಂದ ನಾರ್ಮನ್ ಆಮೇಲೆ ನಲವತ್ತಾರು ವರ್ಷ ಸುತ್ತಿದ. ಅವನ ಹೆಂಡತಿ ಬಿಟ್ಟು ಹೋದ ವಾರ ಕ್ಲೆಮ್ ಒಂದು ಮಾತೂ ಆಡದೆ, "ಭಾನುವಾರ ಊಟಕ್ಕೆ ಬಾ, ಬ್ರೆಂಡಾ ಹೇಳಿದಾಳೆ," ಎಂದ. ಬ್ರೆಂಡಾ ಹೇಳಿರಲೇ ಇಲ್ಲವೆಂದು ನಾರ್ಮನ್‌ಗೆ ಆಮೇಲೆ ಗೊತ್ತಾಯಿತು. ಅಂದಿನಿಂದ ಪ್ರತಿ ಭಾನುವಾರ ಆ ಮನೆಯಲ್ಲಿ ಅವನಿಗೊಂದು ತಟ್ಟೆ ಬೀಳುತ್ತಿತ್ತು. ಟ್ರೇಸಿಗೆ ಸೈಕಲ್ ಕಲಿಸಿದವನು ಅವನು. ಅವಳು ನರ್ಸಿನ ಪರೀಕ್ಷೆ ಪಾಸಾದಾಗ ಮೊದಲು ಓಡಿ ಬಂದು ಹೇಳಿದ್ದು ಅವನಿಗೆ. ಅವನಿಗೆ ಬೇರೆ ಮನೆ ಅಂತ ಇರಲಿಲ್ಲ.

ಕ್ಲೆಮ್ ಕಾರ್ಖಾನೆಯಲ್ಲಿ ಮನೆಯೊಳಗೆ ಮೆಟ್ಟುವ ಬಟ್ಟೆಯ ಚಪ್ಪಲಿಗೆ ಅಡಿ ಅಂಟಿಸುತ್ತಿದ್ದ. ಹೊಲಿಗೆ ಸೊಟ್ಟಗಾದ ಜೋಡಿಗಳನ್ನು ತಂದು ಬೀದಿಗೆಲ್ಲ ಹಂಚುತ್ತಿದ್ದ. ಸ್ಪ್ರಿಂಗ್ ಬೀದಿಯಲ್ಲಿ ಅವನ ಚಪ್ಪಲಿ ಮೆಟ್ಟದ ಕಾಲೇ ಇರಲಿಲ್ಲ. ಕೊಟ್ಟು, "ಎಡಗಾಲಿಂದು ಸ್ವಲ್ಪ ಬಲಕ್ಕೆ ಎಳೆಯುತ್ತೆ, ನಮ್ಮ ಸೆಂಟರ್ ಫಾರ್ವರ್ಡ್ ಥರ," ಎನ್ನುತ್ತಿದ್ದ.

ಒಂದೇ ಒಂದು ಅವನಿಂದ ಆಗುತ್ತಿರಲಿಲ್ಲ. ಪೆನಾಲ್ಟಿ ನೋಡುವುದು. ಇಪ್ಪತ್ತರ ಹುಡುಗನಾಗಿದ್ದಾಗ ಕಾರ್ಖಾನೆ ತಂಡದ ಪರವಾಗಿ ಒಂದು ಪೆನಾಲ್ಟಿಯನ್ನು ಗೋಲಿನ ಮೇಲಿಂದ ಹಾರಿಸಿ ಪಕ್ಕದ ಕಾಲುವೆಗೆ ಒದ್ದಿದ್ದನಂತೆ. ಅಂದಿನಿಂದ ಪೆನಾಲ್ಟಿ ಬಂತೆಂದರೆ ಜನ ನಿಂತು ನೋಡುವ ಮೆಟ್ಟಿಲುಗಳ ತುದಿಗೆ ಹೋಗಿ, ತಗಡಿನ ಮಾಡಿನ ಹಿಂಗೋಡೆಗೆ ಒರಗಿ ನೆಲಕ್ಕೆ ಕೂರುತ್ತಿದ್ದ. ಟೋಪಿ ಮುಖಕ್ಕೆ ಎಳೆದುಕೊಂಡು, ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಎಲ್ಲ ಮುಗಿದ ಮೇಲೆ ನಾರ್ಮನ್ ಮೇಲೆ ಹತ್ತಿ ಹೋಗಿ ಹೇಳಬೇಕು. ಊರಿಗೆಲ್ಲ ಅದು ತಮಾಷೆಯಾಗಿತ್ತು.

*

ಮಣ್ಣು ಮುಗಿಸಿ ಬಂದವರಿಂದ ಬ್ರೆಂಡಾಳ ಮನೆ ತುಂಬಿತ್ತು. ಕ್ಲಬ್ಬಿನ ಕೋಣೆ ಫೈನಲ್‌ಗೆ ಬಂದವರಿಗೆ ಬೇಕಾಗಿದ್ದರಿಂದ ಊಟೋಪಚಾರ ಇಲ್ಲೇ. ಒಂದು ಗಂಟೆಯಾಗಿತ್ತು. ಕೈಯಲ್ಲಿ ಟೀ ಹಿಡಿದ ಗಂಡಸರು ಗಡಿಯಾರ ನೋಡುತ್ತ, ನೋಡಿದ್ದು ಕಾಣದಿರಲೆಂದು ಕೆಮ್ಮುತ್ತ ನಿಂತಿದ್ದರು.

"ಹೊರಡ್ರೋ, ಹೊರಡ್ರೋ," ಎಂದಳು ಬ್ರೆಂಡಾ. "ಕುಂಡೆಗೆ ಮುಳ್ಳು ಚುಚ್ಚಿದೋರ ಥರ ನಿಲ್ಬೇಡಿ."

"ನೀನೂ ಬಾ ಬ್ರೆಂಡಾ. ಇವತ್ತಾದ್ರೂ," ಎಂದ ಡೆನಿಸ್.

"ನಾನಾ? ನಾನು ಬಂದಿದ್ದು ಎರಡೇ ಸಲ. ಎರಡು ಸಲವೂ ಸೋತ್ರಿ. ಬ್ರೆಂಡಾ ಗೇಟ್ ದಾಟಕೂಡದು ಅಂತ ಕ್ಲೆಮ್ ಕಾನೂನೇ ಮಾಡಿದ್ದ. ನನಗೆ ಹಿತ್ತಲೇ ಸರಿ. ಕೂಗು ಕೇಳಿದ್ರೆ ಸಾಕು, ಗೋಲು ಯಾರದು ಅಂತ ಹೇಳ್ತೀನಿ." ಅವಳು ಕಣ್ಣೊರೆಸಿಕೊಂಡು ನಾರ್ಮನ್‌ನ ಟೈ ಸರಿಮಾಡಿದಳು. "ರಾತ್ರಿ ನಿದ್ದೆ ಬರದಾಗ ಒಂದೇ ಯೋಚನೆ ಮಾಡ್ತೀನಿ ನಾರ್ಮನ್. ಅವನಿಗೆ ಗೊತ್ತಾಯ್ತಲ್ಲ, ನಕ್ಕನಲ್ಲ ಅಂತ. ಅದಿಲ್ಲದಿದ್ರೆ ನಾನು ಹುಚ್ಚಿ ಆಗ್ತಿದ್ದೆ."

ನಾರ್ಮನ್ ಕಪ್ಪು ಇಡುವ ನೆಪದಲ್ಲಿ ಅಡುಗೆಮನೆಗೆ ಹೋದ. ಟ್ರೇಸಿ ಕಪ್ಪುಗಳನ್ನು ತೊಳೆಯುತ್ತಿದ್ದಳು. ನಲವತ್ತನಾಲ್ಕರ ಹೆಂಗಸು, ಮೂರು ವಾರದಲ್ಲಿ ಅರವತ್ತರವಳಂತೆ ಆಗಿದ್ದಳು.

"ಅಂಕಲ್, ಅಮ್ಮನಿಗಿನ್ನೂ ಹೇಳಿಲ್ಲ. ಕೆಲಸ ಬಿಡ್ತೀನಿ ಅಂತ ಬರೆದು ಕೊಟ್ಟೆ."

"ಆಸ್ಪತ್ರೆ ಕೆಲಸಾನಾ? ಯಾಕಮ್ಮಾ?"

"ಅಪ್ಪ ಹೋಗೋ ಹಿಂದಿನ ಭಾನುವಾರ ನೀವೂ ಇದ್ರಲ್ಲ ಊಟಕ್ಕೆ. ಅಪ್ಪ ಎದೆ ಉಜ್ಕೊಂಡ್ರು. ಎರಡು ಸಲ ಕೇಕ್ ಹಾಕ್ಕೊಂಡ್ರೆ ಇನ್ನೇನಾಗುತ್ತೆ, ಗ್ಯಾಸು ಅಂದೆ. ಮಾತ್ರೆ ಕೊಟ್ಟೆ. ಇಪ್ಪತ್ತಮೂರು ವರ್ಷ ನರ್ಸಾಗಿ, ಸ್ವಂತ ಅಪ್ಪನ ಎದೆನೋವನ್ನ ಗ್ಯಾಸು ಅಂದೆ." ಅವಳು ನಲ್ಲಿ ನಿಲ್ಲಿಸಿದಳು. "ಈಗ ವಾರ್ಡಿನಲ್ಲಿ ಯಾರಾದ್ರೂ ಎದೆ ಮುಟ್ಕೊಂಡ್ರೆ ನನ್ನ ಕೈ ನಡುಗುತ್ತೆ. ನಾನೇ ಕೊಂದೆ ಅವರನ್ನ."

"ಹಾಗೆಲ್ಲ ಅನ್ಬಾರದು."

"ಒಂದು ಕೇಳ್ತೀನಿ, ನಿಜ ಹೇಳಿ. ಆ ದಿನ ಮೈದಾನದಲ್ಲಿ ನೋವು ಅಂತ ಏನಾದ್ರೂ ಅಂದ್ರಾ? ಒಂದೇ ಒಂದು ಮಾತು? ಒಂದ್ಹತ್ತು ನಿಮಿಷ ಮುಂಚೆ ಕೈಗೆ ಸಿಕ್ಕಿದ್ರೆ ಉಳಿಸಬಹುದಿತ್ತೇನೋ ಅಂದ್ರು ಡಾಕ್ಟರು. ಅಪ್ಪ ಏನಾದ್ರೂ ಅಂದಿದ್ರೆ, ಆ ಭಾನುವಾರದ್ದಷ್ಟೇ ಅಲ್ಲ ತಪ್ಪು ಅಂತ..."

ಹೊರಗೆ ಬ್ರೆಂಡಾ ಯಾರಿಗೋ, "ನಕ್ಕನಂತೆ, ನಾರ್ಮನ್ ಕಣ್ಣಾರೆ ನೋಡಿದಾನೆ," ಎನ್ನುತ್ತಿದ್ದುದು ಕೇಳಿಸಿತು.

"ಇಲ್ಲಮ್ಮ," ಎಂದ ನಾರ್ಮನ್. "ಏನೂ ಅನ್ಲಿಲ್ಲ."

ಟ್ರೇಸಿ ತಲೆಯಾಡಿಸಿ ಮತ್ತೆ ನಲ್ಲಿ ತಿರುಗಿಸಿದಳು. ಒಂದು ಸುಳ್ಳು ಹೆಂಡತಿಯನ್ನು ಉಳಿಸಲು, ಅದನ್ನು ಉಳಿಸಲು ಇನ್ನೊಂದು, ಈ ಎರಡನೆಯದು ಮಗಳನ್ನು ತಿನ್ನುತ್ತಿದೆ. ಥೂ, ನಾನೆಂಥ ಮನುಷ್ಯ, ಎಂದುಕೊಂಡ ನಾರ್ಮನ್.

*

ಕ್ಲೆಮ್ ಸತ್ತ ಆ ದಿನ ಸೋಮವಾರ, ಸರ್ಕಾರಿ ರಜೆ. ಸೆಮಿಫೈನಲ್ ಸಮಸಮವಾಗಿ ಮುಗಿದು, ಎರಡೂ ತಂಡದವರು ಸರದಿಯಲ್ಲಿ ಒಬ್ಬೊಬ್ಬರೇ ಒದೆಯುವ ಪೆನಾಲ್ಟಿಗೆ ಹೋಗಿತ್ತು.

"ನಾರ್ಮ್, ಎದೆ ಬಿಗೀತಾ ಇದೆ. ಮನೆಗೆ ಕರ್ಕೊಂಡು ಹೋಗ್ತೀಯಾ?" ಎಂದು ಕ್ಲೆಮ್ ಕೇಳಿದ್ದ.

"ಯಾರದು ಬಿಗೀತಾ ಇಲ್ಲ ಹೇಳು ಇಲ್ಲಿ. ಹೋಗಿ ನಿನ್ನ ಗೋಡೆ ಹಿಡ್ಕೊಂಡು ಕೂತ್ಕೋ. ಮುಗಿದ ತಕ್ಷಣ ಬಂದು ಹೇಳ್ತೀನಿ."

ಕ್ಲೆಮ್ ಮೆಲ್ಲಗೆ ಮೆಟ್ಟಿಲೇರಿ ಹೋದ. ಟೋಪಿ ಎಳೆದುಕೊಂಡು ಕೂತ. ಸುತ್ತಲಿದ್ದವರು ಎಂದಿನಂತೆ ನಕ್ಕರು. ನಾರ್ಮನ್ ಕಂಬಿ ಹಿಡಿದು ನಿಂತ.

ಮೂರನೆಯ ಒದೆತದ ಹೊತ್ತಿಗೆ ಹಿಂದಿನಿಂದ ದನಿ ಬಂತು. "ನಾರ್ಮನ್."

ನಲವತ್ತಾರು ವರ್ಷದಲ್ಲಿ ಕ್ಲೆಮ್ ಅವನನ್ನು ಪೂರ್ತಿ ಹೆಸರಿನಿಂದ ಕರೆದಿದ್ದೇ ಇಲ್ಲ. ಯಾವಾಗಲೂ ನಾರ್ಮ್. ಅದು ನಾರ್ಮನ್‌ನ ಕಿವಿಗೆ ಬಿತ್ತು. ವಿಚಿತ್ರ ಎನಿಸಿತು ಕೂಡ. ಆದರೆ ಕ್ರಾಬೆಕ್‌ನ ಆಟಗಾರ ಚೆಂಡಿನಿಂದ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದ. ನಾರ್ಮನ್ ತಿರುಗದೆ ಕೈ ಎತ್ತಿ, "ತಾಳೋ," ಎಂದ.

ಆರನೆಯದಕ್ಕೆ ಮತ್ತೊಮ್ಮೆ. ಈ ಸಲ ದನಿ ಇನ್ನೂ ಸಣ್ಣದಾಗಿತ್ತು. "ನಾರ್ಮನ್."

"ಇನ್ನೊಂದು ಸ್ವಲ್ಪ ಕಣೋ."

ಆ ದಿನ ಒದೆತಗಳು ಮುಗಿಯಲೇ ಇಲ್ಲ. ಐದೈದು ಸಮವಾಗಿ, ಒಂದೊಂದಾಗಿ ಹದಿನೆಂಟಕ್ಕೆ ಹೋಯಿತು. ಹದಿನೆಂಟನೆಯದನ್ನು ಕ್ರಾಬೆಕ್‌ನ ಗೋಲ್‌ಕೀಪರ್ ತಡೆದ. ಜನ ಕಂಬಿ ಹಾರಿ ಮೈದಾನಕ್ಕೆ ನುಗ್ಗಿದರು. ನಾರ್ಮನ್ ಮೆಟ್ಟಿಲುಗಳನ್ನು ಹುಡುಗನಂತೆ ಹತ್ತಿ, "ಗೆದ್ವಿ ಕಣೋ, ಏಳೋ," ಎಂದು ಟೋಪಿ ಕಿತ್ತ. ಮುಖ ಬೂದಿಯ ಬಣ್ಣವಾಗಿತ್ತು. ಕಣ್ಣು ತೆರೆದೇ ಇತ್ತು. ಕೈ ಕಿವಿಯ ಮೇಲಿರಲಿಲ್ಲ. ಒಂದು ಕೈ ಮುಂದಕ್ಕೆ ಚಾಚಿ ಮೆಟ್ಟಿಲ ಮೇಲೆ ಬಿದ್ದಿತ್ತು.

ಎದೆಗೆ ಕರೆಂಟು ಕೊಡುವ ಯಂತ್ರ ಅಲ್ಲಿಂದ ಮೂವತ್ತು ಹೆಜ್ಜೆ ದೂರದಲ್ಲಿ ಡೆನಿಸ್‌ನ ಟೀ ಅಂಗಡಿಯ ಗೋಡೆಯ ಮೇಲಿತ್ತು. ಅದನ್ನು ತರಿಸಲು ಎರಡು ಚಳಿಗಾಲ ಮನೆಮನೆ ಸುತ್ತಿ ಲಾಟರಿ ಚೀಟಿ ಮಾರಿದವನು ಕ್ಲೆಮ್.

ಸುದ್ದಿ ಹೇಳಲು ಮನೆಗೆ ಹೋದಾಗ ಬ್ರೆಂಡಾ ನಾರ್ಮನ್‌ನ ಎರಡೂ ತೋಳು ಹಿಡಿದು, "ಅವನಿಗೆ ಗೊತ್ತಾಯ್ತಾ? ಗೆದ್ದಿದ್ದು ಗೊತ್ತಾಯ್ತಾ ಅವನಿಗೆ?" ಎಂದಳು. "ಗೊತ್ತಾಯ್ತು," ಎಂದುಬಿಟ್ಟ ನಾರ್ಮನ್. "ನಾನೇ ಹೇಳ್ದೆ. ನಕ್ಕ."

*

ಫೈನಲ್‌ಗೆ ಮೂರು ಸಾವಿರ ಜನ. ಪೊಲೀಸರು ಎರಡು ಕಡೆಯವರನ್ನೂ ಬೇರೆ ಬೇರೆ ಮಾಡಿ ನಡುವೆ ಬೇಲಿ ಹಾಕಿದ್ದರು. ಇಂದು ದಿಕ್ಕು ಬದಲಿಸುವಂತಿಲ್ಲ. ಕ್ರಾಬೆಕ್‌ನವರೆಲ್ಲ ಪೂರ್ತಿ ಆಟ ತಗಡಿನ ಮಾಡಿನ ಕೆಳಗೇ ನಿಲ್ಲಬೇಕು.

ನಾರ್ಮನ್‌ಗೆ ಅದೇ ಶಿಕ್ಷೆಯಾಯಿತು. ಅರ್ಧ ಆಟಕ್ಕಾದರೂ ಆ ಕಡೆಗೆ ಹೋಗಬಹುದೆಂದು ಲೆಕ್ಕ ಹಾಕಿದ್ದ. ಹಿಂಗೋಡೆಯ ಬುಡದಲ್ಲಿ ಯಾರೋ ಹೂವಿಟ್ಟಿದ್ದರು. ತಿರುಗಿ ನೋಡದಿದ್ದರೂ ಅದು ಬೆನ್ನಿಗೆ ಕಾಣುತ್ತಿತ್ತು.

ಡೆನಿಸ್ ಕರಿ ಟೈ ಬಿಚ್ಚದೆಯೇ ಧ್ವನಿವರ್ಧಕದಲ್ಲಿ ಹೇಳಿದ. "ನಮ್ಮ ಕ್ಲೆಮ್‌ಗೆ ಒಂದು ನಿಮಿಷ ಚಪ್ಪಾಳೆ. ಗೆದ್ದಿದ್ದು ಕೇಳಿ ನಕ್ಕು ಹೋದ ಪುಣ್ಯಾತ್ಮನಿಗೆ." ಮೂರು ಸಾವಿರ ಜನ ಚಪ್ಪಾಳೆ ತಟ್ಟಿದರು. ಸಾಲ್ಟ್‌ಬಿಯವರೂ ತಟ್ಟಿದರು. ಪಕ್ಕದಲ್ಲಿದ್ದವರೆಲ್ಲ ನಾರ್ಮನ್‌ನ ಬೆನ್ನು ತಟ್ಟಿದರು.

ಇಪ್ಪತ್ತನೆಯ ನಿಮಿಷಕ್ಕೆ ಕ್ರಾಬೆಕ್ ಒಂದು ಗೋಲು ಹೊಡೆಯಿತು. ಜನ ಒಬ್ಬರ ಮೇಲೊಬ್ಬರು ಬಿದ್ದರು. ನಾರ್ಮನ್ ಕೂಗಲಿಲ್ಲ. ಬ್ರೆಂಡಾ ಈಗ ಹಿತ್ತಲಲ್ಲಿ ಕೂತು ಇದು ನಮ್ಮದು ಎಂದುಕೊಂಡಿರುತ್ತಾಳೆ, ಒಳಗೆ ಟ್ರೇಸಿ ಕಪ್ಪು ಒರೆಸುತ್ತಿರುತ್ತಾಳೆ ಎಂದೇ ಯೋಚನೆ. ಆಟ ಮುಗಿಯಲು ಆರು ನಿಮಿಷವಿದ್ದಾಗ ಸಾಲ್ಟ್‌ಬಿ ಸಮ ಮಾಡಿತು. ಹೆಚ್ಚುವರಿ ಆಟದಲ್ಲಿ ಯಾರಿಗೂ ಕಾಲು ಏಳಲಿಲ್ಲ. ರೆಫರಿ ನಾಣ್ಯ ಚಿಮ್ಮಿ ತಗಡಿನ ಮಾಡಿನ ಕಡೆಗೇ ಕೈ ತೋರಿಸಿದ. ಪೆನಾಲ್ಟಿ.

ಮಾಡಿನ ಕೆಳಗಿದ್ದವರೆಲ್ಲ ಕಂಬಿಯ ಕಡೆಗೆ ಒತ್ತಿಕೊಂಡು ಬಂದರು. "ನೋಡ್ಕೋ ನಾರ್ಮನ್, ಕ್ಲೆಮ್ ಪರವಾಗಿ ನೀನೇ ನೋಡ್ಬೇಕು," ಎಂದ ಪಕ್ಕದವನು.

ನಾರ್ಮನ್ ಕಂಬಿ ಬಿಟ್ಟ. ಜನರನ್ನು ಸರಿಸಿಕೊಂಡು ಹೊರಟ. ಗೇಟಿನ ಕಾವಲಿನವನು ಅಡ್ಡ ನಿಂತ.

"ಈಗ ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡೋ ಹಾಗಿಲ್ಲ ನಾರ್ಮನ್."

"ಗೊತ್ತು. ತೆಗಿ."

"ಪೆನಾಲ್ಟಿ ಕಣೋ ಮಾರಾಯಾ. ಮೂವತ್ತೊಂದು ವರ್ಷ ಆಯ್ತು. ತಲೆ ಕೆಟ್ಟಿದೆಯಾ?"

"ತೆಗೀತೀಯೋ ಇಲ್ವೋ."

ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ನಾರ್ಮನ್ ಸ್ಪ್ರಿಂಗ್ ಬೀದಿಯ ಏರು ಹತ್ತಿದ. ಹಿಂದೆ ಒಂದು ಕೂಗು ಎದ್ದಿತು, ಮತ್ತೊಂದು ಎದ್ದಿತು. ಯಾರದೆಂದು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಇನ್ನೊಂದು ಹತ್ತು ನಿಮಿಷ ತಡೆದರೆ ಮತ್ತೆ ಹೇಳುವ ಧೈರ್ಯ ಬರುವುದಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಿತ್ತು.

*

ಬಾಗಿಲು ತೆರೆದವಳು ಟ್ರೇಸಿ. "ಮುಗೀತಾ?"

"ಇಲ್ಲ. ಪೆನಾಲ್ಟಿ ನಡೀತಾ ಇದೆ. ಅಮ್ಮ ಎಲ್ಲಿ?"

"ಹಿತ್ತಲಲ್ಲಿ. ಮತ್ತೆ ನೀವ್ಯಾಕೆ ಇಲ್ಲಿ?"

ಅವನು ಒಳಗೆ ಬಂದ. ಅಡುಗೆಮನೆಯ ಮೇಜಿನ ಮೇಲೆ ಉಳಿದ ಸ್ಯಾಂಡ್‌ವಿಚ್‌ಗಳ ತಟ್ಟೆಗೆ ಬಟ್ಟೆ ಮುಚ್ಚಿತ್ತು. ನಿಂತೇ ಹೇಳಿದ. ಎದೆ ಬಿಗಿಯುತ್ತಿದೆ ಎಂದದ್ದು, ಮನೆಗೆ ಕರೆದುಕೊಂಡು ಹೋಗು ಎಂದದ್ದು, ಎರಡು ಸಲ ಕೂಗಿದ್ದು, ತಾನು ತಿರುಗದೆ ಕೈ ಎತ್ತಿದ್ದು. ಒಂದನ್ನೂ ಬಿಡಲಿಲ್ಲ.

"ನಗಲಿಲ್ಲ ಅವನು. ನಾನು ಹೋಗೋ ಹೊತ್ತಿಗೆ ಎಲ್ಲ ಆಗಿಹೋಗಿತ್ತು. ನಿನ್ನ ತಪ್ಪಲ್ಲ ಟ್ರೇಸಿ. ನಂದು."

ಟ್ರೇಸಿ ಕುರ್ಚಿ ಎಳೆದು ಕೂತಳು. ವಾರ್ಡಿನಲ್ಲಿ ರೋಗಿಯ ಕಡೆಯವರನ್ನು ಕೇಳುವ ದನಿಯಲ್ಲಿ ಕೇಳತೊಡಗಿದಳು.

"ಬೆವರ್ತಾ ಇದ್ರಾ?"

"ಹೂಂ. ಬಿಸಿಲಿಗೆ ಅಂದ್ಕೊಂಡೆ."

"ಕೈ ನೋವು ಅಂದ್ರಾ?"

"ಇಲ್ಲ. ಎದೆ ಅಂದ."

"ಮೊದಲ ಸಲ ಕರೆದಾಗ ಎಷ್ಟನೇದು?"

"ಮೂರನೇದು."

"ಒಟ್ಟು?"

"ಹದಿನೆಂಟು."

ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಏನೋ ಕೂಡಿಸಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. "ಇವತ್ತು ಪೆನಾಲ್ಟಿ ಶುರುವಾಗೋಕೆ ಮುಂಚೆ ಹೊರಟ್ರಾ, ಆದ್ಮೇಲೆ ಹೊರಟ್ರಾ?"

"ಮುಂಚೆ."

"ಅಂದ್ರೆ ಬಿಟ್ಟು ಬರೋಕಾಗುತ್ತೆ," ಎಂದಳು ಟ್ರೇಸಿ. "ಮನಸ್ಸು ಮಾಡಿದ್ರೆ ಆಗುತ್ತೆ."

ನಾರ್ಮನ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಬೈಗುಳಕ್ಕೆ, ಹೊಡೆತಕ್ಕೆ, ಹೊರಗೆ ಹೋಗು ಎನ್ನುವುದಕ್ಕೆ ತಯಾರಾಗಿ ಬಂದಿದ್ದ. ಇದಕ್ಕೆ ತಯಾರಾಗಿರಲಿಲ್ಲ. ಕೆಳಗೆ ಮೈದಾನದ ಕಡೆಯಿಂದ ದೊಡ್ಡದೊಂದು ಕೂಗು ಎದ್ದು ಕಿಟಕಿಯ ಗಾಜು ಅದುರಿತು. ಇಬ್ಬರೂ ಆ ಕಡೆ ತಿರುಗಲಿಲ್ಲ.

ಟ್ರೇಸಿಯ ಕೈ ತಾನಾಗಿಯೇ ಮುಂದೆ ಹೋಗಿ ತಟ್ಟೆಯ ಮೇಲಿನ ಬಟ್ಟೆ ಸರಿಸಿತು. ಒಂದು ಸ್ಯಾಂಡ್‌ವಿಚ್ ತೆಗೆದು ಕಚ್ಚಿದಳು. ಅದನ್ನು ಮುಗಿಸುವ ಮೊದಲೇ ಇನ್ನೊಂದು ತೆಗೆದಳು. ಹಸಿದು ಕಂಗೆಟ್ಟವರಂತೆ ಗಬಗಬ ತಿಂದಳು. ಕಣ್ಣೀರು ಇಳಿದು ಬಾಯಿಗೆ ಬರುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಕಣ್ಣು ಮಾತ್ರ ನಾರ್ಮನ್‌ನ ಮುಖದ ಮೇಲಿತ್ತು. ಆ ನೋಟದಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ.

ಹಿತ್ತಲ ಬಾಗಿಲು ತೆರೆದು ಬ್ರೆಂಡಾ ಬಂದಳು.

"ಗೆದ್ರು ಕಣೇ ಟ್ರೇಸಿ. ಆ ಕೂಗು ನಮ್ಮೋರದ್ದೇ. ನಿಮ್ಮಪ್ಪ ಇದ್ದಿದ್ರೆ..." ನಾರ್ಮನ್‌ನನ್ನು ಕಂಡು ನಿಂತಳು. "ನೀನ್ಯಾಕೋ ಇಲ್ಲಿ? ಪೆನಾಲ್ಟಿ ಬಿಟ್ಟು ಬಂದ್ಯಾ?" ಆಮೇಲೆ ಮಗಳ ಕೈಯಲ್ಲಿದ್ದುದನ್ನು ಕಂಡಳು. ಅವಳ ದನಿ ಮೆತ್ತಗಾಯಿತು. "ತಿಂತಾ ಇದಾಳೆ. ಮೂರು ವಾರದಿಂದ ಬರೀ ಟೀ ಮೇಲೆ ಇದ್ಲು ನಾರ್ಮನ್, ಬಾಯಿಗೆ ತುತ್ತು ಇಟ್ಟಿರಲಿಲ್ಲ. ಅದೇನು ಹೇಳಿದೆಯಪ್ಪಾ ಇವಳಿಗೆ?"

"ಅಪ್ಪನ ವಿಷಯ," ಎಂದಳು ಟ್ರೇಸಿ, ಬಾಯಲ್ಲಿ ಬ್ರೆಡ್ಡು ತುಂಬಿಕೊಂಡು.

"ಹಾಗಾದ್ರೆ ನನಗೂ ಹೇಳು." ಬ್ರೆಂಡಾ ಕುರ್ಚಿ ಎಳೆದು ನಾರ್ಮನ್‌ನ ಎದುರಿಗೇ ಕೂತಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮುಖ ಮೇಲೆತ್ತಿದಳು. "ಅವಳಿಗೆ ಹೇಳಿದ್ದನ್ನ ನನಗೂ ಹೇಳು."

ನಾರ್ಮನ್ ಬಾಯಿ ತೆರೆದ.

ಟ್ರೇಸಿ ಅಮ್ಮನಿಗೆ ಕಾಣದಂತೆ ಅವನ ಕಡೆ ನೋಡಿ ತಲೆಯನ್ನು ಒಮ್ಮೆ, ಒಂದೇ ಒಮ್ಮೆ, ಅಡ್ಡಡ್ಡ ಆಡಿಸಿದಳು. ತಟ್ಟೆಯನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು.

"ತಿನ್ನಿ ಅಂಕಲ್," ಎಂದಳು. "ಬಾಯಿ ತುಂಬ ತಿನ್ನಿ."

ನಾರ್ಮನ್ ಕೂತು ಒಂದು ಸ್ಯಾಂಡ್‌ವಿಚ್ ತೆಗೆದುಕೊಂಡು ಕಚ್ಚಿದ. ಬ್ರೆಡ್ಡು ಒಣಗಿತ್ತು. ಅಗಿದ, ಅಗಿದ, ಗಂಟಲಿನಲ್ಲಿ ಇಳಿಯಲಿಲ್ಲ. ಅದು ಇಳಿಯುವ ಮೊದಲೇ ಟ್ರೇಸಿ ಇನ್ನೊಂದನ್ನು ಅವನ ಮುಂದಿಟ್ಟಳು. ಬ್ರೆಂಡಾ ಅವನ ಮುಖವನ್ನೂ ಮಗಳ ಮುಖವನ್ನೂ ಸರದಿಯ ಮೇಲೆ ನೋಡಿದಳು. "ಇರಲಿ, ನಿಧಾನಕ್ಕೆ ತಿಂದು ಹೇಳು, ಅವಸರವೇನಿಲ್ಲ," ಎಂದು ಮೂರು ವಾರದಲ್ಲಿ ಮೊದಲ ಸಲ ನಕ್ಕು, ಟೀ ಕೆಟಲ್ಲನ್ನು ಒಲೆಯ ಮೇಲಿಟ್ಟಳು.